ಮೂರು ತಿಂಗಳ ಶುಗರ್ ಟೆಸ್ಟ್ ಎಲ್ಲರಿಗೂ ಒಂದೇ ಲೆಕ್ಕ ಹೇಳುವುದಿಲ್ಲ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಎಷ್ಟು ಜನಕ್ಕೆ ತಮ್ಮ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರ್ ಟೆಸ್ಟಿನ ನಂಬರ್, ಎಷ್ಟು ಅಂತ ಗೊತ್ತು? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಜನ ಎತ್ತಿದ್ದೀರಿ. ಸಂತೋಷ. ಐಸಿಎಂಆರ್ ನಡೆಸಿದ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ಇಂಥ ದೇಶದಲ್ಲಿ ಜನ ತಮ್ಮ ನಂಬರ್ ತಿಳಿದುಕೊಂಡಿರಬೇಕು.

ಆದರೆ ಆ ನಂಬರ್ ಎಲ್ಲಿಂದ ಬಂತು ಅನ್ನೋದೂ ಗೊತ್ತಿರಬೇಕು. ಎಚ್‌ಬಿಎ1ಸಿ ಟೆಸ್ಟ್ ನಿಮ್ಮ ರಕ್ತದ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಕೆಂಪು ರಕ್ತಕಣಗಳ ಒಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅಂತ ನೋಡುತ್ತದೆ. ಕೆಂಪು ಕಣ ಹೇಗಿರಬೇಕು, ಎಷ್ಟು ದಿನ ಬದುಕಬೇಕು ಅನ್ನೋದರಲ್ಲಿ ನಿಮ್ಮ ಜೀನ್‌ಗಳ ಕೈವಾಡ ದೊಡ್ಡದು. ಹಾಗಾಗಿ ಇಬ್ಬರ ಸಕ್ಕರೆ ಒಂದೇ ಇದ್ದರೂ ಅವರ ಎಚ್‌ಬಿಎ1ಸಿ ಬೇರೆ ಬೇರೆ ಬರಬಹುದು. ಹೆಚ್ಚಿನವರಲ್ಲಿ ಈ ವ್ಯತ್ಯಾಸ ಚಿಕ್ಕದು, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೆಲವರಲ್ಲಿ ಮಾತ್ರ ಎಷ್ಟು ದೊಡ್ಡದು ಅಂದರೆ, ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಇವತ್ತು ನಾನು ಮಾತಾಡುವುದು ಆ ಕೆಲವರ ಬಗ್ಗೆ. ಅವರು ಅಷ್ಟೇನೂ ಕಮ್ಮಿ ಜನ ಅಲ್ಲ.

ಟೆಸ್ಟ್ ಹೇಗೆ ಕೆಲಸ ಮಾಡುತ್ತದೆ

1968ರಲ್ಲಿ ಟೆಹ್ರಾನಿನಲ್ಲಿ ಸ್ಯಾಮ್ಯುಯೆಲ್ ರಹಬರ್ ಅನ್ನುವ ವಿಜ್ಞಾನಿ ರೋಗಿಗಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡುತ್ತಿದ್ದರು. ಸಕ್ಕರೆ ಕಾಯಿಲೆ ಇದ್ದವರ ಮಾದರಿಯಲ್ಲಿ ಬೇರೆಯವರಲ್ಲಿ ಕಾಣದ, ಗೆರೆಯಂಥ ಒಂದು ಪಟ್ಟಿ ಕಂಡಿತು. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಅದು. ಹಿಮೋಗ್ಲೋಬಿನ್‌ನಲ್ಲಿ ಬೀಟಾ ಸರಪಳಿ ಅಂತ ಒಂದು ಭಾಗ ಇದೆ. ಅದರ ತುದಿಯಲ್ಲಿ ವ್ಯಾಲಿನ್ ಅನ್ನುವ ಅಮೈನೋ ಆಮ್ಲ ಇರುತ್ತದೆ. ರಕ್ತದ ಗ್ಲೂಕೋಸ್ ಹೋಗಿ ಅಲ್ಲಿ ಕೂರುತ್ತದೆ. ಇದಕ್ಕೆ ಯಾವ ಕಿಣ್ವವೂ ಬೇಡ. ಸಕ್ಕರೆ ಜಾಸ್ತಿ ಇದ್ದಷ್ಟೂ, ಸಮಯ ಜಾಸ್ತಿ ಸಿಕ್ಕಷ್ಟೂ ಅಂಟುವುದು ಜಾಸ್ತಿ.

ಈ ‘ಸಮಯ’ ಅನ್ನೋದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇವತ್ತಿನ ಮಾತೆಲ್ಲ ಅದರ ಸುತ್ತಲೇ ಇದೆ.

ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದು ಸಕ್ಕರೆಯಲ್ಲಿ ಮುಳುಗಿರುತ್ತದೆ. ಅದಕ್ಕೇ ಈ ಟೆಸ್ಟ್ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ ಅನ್ನುವುದು. ನಮ್ಮ ಬಯಲುಸೀಮೆಯ ಧೂಳಿನ ರಸ್ತೆ ಪಕ್ಕ ಒಂದು ಬಿಳಿ ಅಂಗಿ ತೂಗುಹಾಕಿ. ನಾಲ್ಕು ತಿಂಗಳು ಬಿಟ್ಟು ನೋಡಿದರೆ ರಸ್ತೆಯಲ್ಲಿ ಎಷ್ಟು ಧೂಳಿದೆ ಅಂತ ಅಂಗಿ ನೋಡಿಯೇ ಹೇಳಬಹುದು. ಆದರೆ ಯಾರೋ ತಿಂಗಳಿಗೊಮ್ಮೆ ಹಳೇ ಅಂಗಿ ತೆಗೆದು ಹೊಸದು ಹಾಕುತ್ತಿದ್ದರೆ? ಅಂಗಿ ಬೆಳ್ಳಗೇ ಕಾಣುತ್ತದೆ, ರಸ್ತೆಯ ಧೂಳು ಮಾತ್ರ ಅಷ್ಟೇ ಇರುತ್ತದೆ.

ಕೆಂಪು ಕಣ ಬೇಗ ಸಾಯುವವರಲ್ಲಿ ಆಗುವುದು ಇದೇ. ಹಳೇ ಕಣಗಳು ಹೋಗಿ ಎಳೇ ಕಣಗಳು ಬರುತ್ತಿರುತ್ತವೆ. ಅವುಗಳಿಗೆ ಸಕ್ಕರೆ ಅಂಟುವಷ್ಟು ಸಮಯವೇ ಸಿಕ್ಕಿರುವುದಿಲ್ಲ. ಎಚ್‌ಬಿಎ1ಸಿ ಕಮ್ಮಿ ಬರುತ್ತದೆ. ರಕ್ತದ ಸಕ್ಕರೆ ಮಾತ್ರ ಎಲ್ಲಿತ್ತೋ ಅಲ್ಲೇ.

ಇಷ್ಟಾದರೂ ಈ ಟೆಸ್ಟ್ ಯಾಕೆ ಇಷ್ಟು ಬಳಕೆಗೆ ಬಂತು? ಕಾರಣ ಇದೆ. 1993ರಲ್ಲಿ ಅಮೆರಿಕ ಮತ್ತು ಕೆನಡಾದ ಡಿಸಿಸಿಟಿ ಅಧ್ಯಯನ, 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ಒಂದು ಮಾತನ್ನು ಗಟ್ಟಿಯಾಗಿ ತೋರಿಸಿದವು. ಸಕ್ಕರೆ ಹತೋಟಿಗೆ ಬಂದು ಎಚ್‌ಬಿಎ1ಸಿ ಇಳಿದಷ್ಟೂ ಕಣ್ಣು, ಕಿಡ್ನಿ, ನರಗಳಿಗೆ ಆಗುವ ಹಾನಿ ಕಡಿಮೆ. ಅಮೆರಿಕದ ಡಯಾಬಿಟಿಸ್ ಸಂಘ 2010ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ, ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸಲಿಕ್ಕೂ ಇದನ್ನು ಬಳಸಬಹುದು ಅಂದವು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. 5.7ರಿಂದ 6.4 ನಾವು ಬಾರ್ಡರ್‌ಲೈನ್ ಅನ್ನುವ ಹಂತ. ಅದಕ್ಕಿಂತ ಕಮ್ಮಿ ಇದ್ದರೆ ಚಿಂತೆ ಇಲ್ಲ. ಮೇಲಾಗಿ ಉಪವಾಸ ಇರಬೇಕಾಗಿಲ್ಲ, ಗ್ಲೂಕೋಸ್ ನೀರು ಕುಡಿದು ಎರಡು ಗಂಟೆ ಕಾಯಬೇಕಾಗಿಲ್ಲ. ಅನುಕೂಲ ಅಲ್ವಾ?

ಒಳ್ಳೆಯ ಟೆಸ್ಟ್ ಅದು. ನಾನು ಅದರ ವಿರೋಧಿ ಅಲ್ಲ. ಇದೊಂದನ್ನೇ ನಂಬಿ ಕೂರುವುದು ನನಗೆ ಇಷ್ಟವಿಲ್ಲ.

ಜಿ6ಪಿಡಿ ಕೊರತೆ

ಈ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ದೊಡ್ಡ ಪೆಟ್ಟು ಬೀಳುವುದು ಇಲ್ಲೇ.

ಕೆಂಪು ಕಣದೊಳಗೆ ಜಿ6ಪಿಡಿ ಅಂತ ಒಂದು ಕಿಣ್ವ ಇದೆ. ಕೆಲವು ಔಷಧಿ, ಸೋಂಕು, ಕೆಲವು ಕಾಳುಗಳಿಂದ ಕಣಕ್ಕೆ ಆಗುವ ಹಾನಿಯನ್ನು ಅದು ತಡೆಯುತ್ತದೆ. ಈ ಕಿಣ್ವ ಕಮ್ಮಿ ಇದ್ದವರ ಕೆಂಪು ಕಣ ಬೇಗ ಒಡೆಯುತ್ತದೆ. ಪ್ರಪಂಚದಲ್ಲಿ ಸುಮಾರು 40 ಕೋಟಿ ಜನಕ್ಕೆ ಈ ಕೊರತೆ ಇದೆ ಅಂತ ಅಂದಾಜು. ಅವರಲ್ಲಿ ಹೆಚ್ಚಿನವರು ಜೀವನವಿಡೀ ಆರಾಮಾಗಿ ಇರುತ್ತಾರೆ. ತಮಗೆ ಹೀಗೊಂದು ಕೊರತೆ ಇದೆ ಅಂತ ಗೊತ್ತೇ ಇರುವುದಿಲ್ಲ.

ಇದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್ ಮೇಲೆ. ಗಂಡಸರಿಗೆ ಒಂದೇ ಎಕ್ಸ್. ಅದರಲ್ಲಿ ದೋಷ ಇದ್ದರೆ ಕೊರತೆ ಪೂರ್ತಿ ಕಾಣಿಸುತ್ತದೆ. ಹೆಂಗಸರಿಗೆ ಎರಡು ಎಕ್ಸ್. ಒಂದು ಸರಿ ಇದ್ದರೆ ಅರ್ಧಂಬರ್ಧ ಕೆಲಸ ಸಾಗುತ್ತದೆ. ಹಾಗಾಗಿ ಈ ತೊಂದರೆ ಗಂಡಸರಲ್ಲಿ ಜಾಸ್ತಿ.

2017ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಬೇರೆ ಬೇರೆ ದೇಶಗಳ ಸುಮಾರು 1.6 ಲಕ್ಷ ಜನರ ಜೀನ್ ಮತ್ತು ಎಚ್‌ಬಿಎ1ಸಿಯನ್ನು ಹೋಲಿಸಿ ನೋಡಿದರು. ಎಚ್‌ಬಿಎ1ಸಿಯನ್ನು ಏರಿಳಿಸುವ 60 ಜಾಗಗಳು ಜೀನ್‌ಗಳಲ್ಲಿ ಸಿಕ್ಕವು. ಅವುಗಳಲ್ಲಿ ಸಕ್ಕರೆಯ ಮೂಲಕ ಕೆಲಸ ಮಾಡುವವು 19. ಕೆಂಪು ಕಣದ ಮೂಲಕ ಕೆಲಸ ಮಾಡುವವು 22. ಉಳಿದವು ಯಾವ ದಾರಿ ಅಂತ ಸ್ಪಷ್ಟವಾಗಲಿಲ್ಲ. ಅಂದರೆ ಸಕ್ಕರೆ ಕಾಯಿಲೆಗೆ ಅಂತ ಮಾಡುವ ಟೆಸ್ಟಿನ ಮೇಲೆ ಸಕ್ಕರೆಗೆ ಸಂಬಂಧವೇ ಇಲ್ಲದ ಜೀನ್‌ಗಳ ಪ್ರಭಾವ ಇಷ್ಟೊಂದು! ನನಗೆ ಇದನ್ನು ಮೊದಲು ಓದಿದಾಗ ಬಹಳ ಆಶ್ಚರ್ಯ ಆಗಿತ್ತು.

ಆ 60ರಲ್ಲಿ ಎಲ್ಲಕ್ಕಿಂತ ಜೋರಾದದ್ದು ಜಿ6ಪಿಡಿಯ ಒಂದು ರೂಪ. ಆಫ್ರಿಕಾ ಮೂಲದವರಲ್ಲಿ ಇದು ಸಾಮಾನ್ಯ. ಅಮೆರಿಕದ ಕಪ್ಪು ಜನರಲ್ಲಿ ಸುಮಾರು 11 ಶೇಕಡಾ ಮಂದಿ ಇದರ ಒಂದು ಪ್ರತಿಯನ್ನಾದರೂ ಹೊತ್ತಿದ್ದಾರೆ. ಈ ರೂಪ ಇರುವ ಗಂಡಸರಲ್ಲಿ ಎಚ್‌ಬಿಎ1ಸಿ ಸರಾಸರಿ 0.81 ಅಂಶ ಕಮ್ಮಿ ಬರುತ್ತದೆ. ಎರಡೂ ಎಕ್ಸ್‌ನಲ್ಲಿ ಇರುವ ಹೆಂಗಸರಲ್ಲಿ 0.68 ಕಮ್ಮಿ.

0.8 ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಒಬ್ಬ ಗಂಡಸಿನ ಸಕ್ಕರೆ ಇರುವ ಮಟ್ಟಕ್ಕೆ ಎಚ್‌ಬಿಎ1ಸಿ 7.0 ಬರಬೇಕಿತ್ತು. ಅದು ಸ್ಪಷ್ಟವಾಗಿ ಸಕ್ಕರೆ ಕಾಯಿಲೆ, ಮಾತ್ರೆ ಶುರು ಮಾಡಬೇಕು. ಆದರೆ ಜಿ6ಪಿಡಿ ಕೊರತೆಯಿಂದ ರಿಪೋರ್ಟಿನಲ್ಲಿ 6.2 ಅಂತ ಬರುತ್ತದೆ. ‘ಬಾರ್ಡರ್‌ಲೈನ್ ಕಣಪ್ಪ, ಸಿಹಿ ಕಮ್ಮಿ ಮಾಡು, ವಾಕಿಂಗ್ ಮಾಡು, ವರ್ಷ ಬಿಟ್ಟು ಬಾ’ ಅಂತ ಕಳಿಸುತ್ತಾರೆ. ಇನ್ನೊಬ್ಬನಿಗೆ 6.4 ಬರಬೇಕಿತ್ತು, 5.6 ಬಂತು. ಅವನಿಗೆ ಅಷ್ಟನ್ನೂ ಹೇಳುವುದಿಲ್ಲ. ಎಲ್ಲರಿಗೂ ಎಚ್‌ಬಿಎ1ಸಿ ಒಂದನ್ನೇ ಮಾಡಿದರೆ ಅಮೆರಿಕದಲ್ಲಿ ಸಕ್ಕರೆ ಕಾಯಿಲೆ ಇರುವ ಸುಮಾರು 6.5 ಲಕ್ಷ ಕಪ್ಪು ಜನ ಪತ್ತೆಯಾಗದೇ ಉಳಿಯಬಹುದು ಅಂತ ಆ ಅಧ್ಯಯನ ಅಂದಾಜು ಮಾಡಿತ್ತು.

ಕಾಯಿಲೆ ಗೊತ್ತಾದ ಮೇಲೂ ತೊಂದರೆ ತಪ್ಪುವುದಿಲ್ಲ. ಚಿಕಿತ್ಸೆಯ ಗುರಿಯೂ ಅದೇ ನಂಬರ್ ಅಲ್ವಾ? ‘7ರ ಒಳಗೆ ಬಂತು, ಇದೇ ಮಾತ್ರೆ ಸಾಕು’ ಅನ್ನುತ್ತಾರೆ. ನಿಜವಾದ ಸಕ್ಕರೆ 7.8ರ ಮಟ್ಟದಲ್ಲಿ ಓಡುತ್ತಿರುತ್ತದೆ. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ಇದರ ಫಲ ಏನು ಅಂತ ತೋರಿಸಿತು. ಈ ಜೀನ್ ರೂಪ ಇದ್ದ ಕಪ್ಪು ಗಂಡಸರಲ್ಲಿ ಕಣ್ಣಿನ ರೆಟಿನಾ ಹಾನಿ ಮತ್ತು ನರಗಳ ಹಾನಿ ಬೇರೆಯವರಿಗಿಂತ ಜಾಸ್ತಿ ಇತ್ತು. ಬ್ರಿಟನ್ನಿನಲ್ಲಿ ಈಚೆಗೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಜಿ6ಪಿಡಿ ಕೊರತೆ ಇರುವ ಗಂಡಸರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗುವುದು ಸರಾಸರಿ ನಾಲ್ಕು ವರ್ಷ ತಡವಾಗಿ ಅಂತ ಕಂಡುಬಂತು. ಸಣ್ಣ ರಕ್ತನಾಳಗಳ ತೊಂದರೆ ಬರುವ ಸಾಧ್ಯತೆ ಅವರಲ್ಲಿ 37 ಶೇಕಡಾ ಜಾಸ್ತಿ. ಅಲ್ಲಿ ಕಪ್ಪು ಜನರಲ್ಲಿ 7ಕ್ಕೆ ಒಬ್ಬರು, ದಕ್ಷಿಣ ಏಷ್ಯಾ ಮೂಲದವರಲ್ಲಿ, ಅಂದರೆ ನಮ್ಮ ಕಡೆಯವರಲ್ಲಿ, 63ಕ್ಕೆ ಒಬ್ಬರು ಇಂಥ ಜೀನ್ ಹೊತ್ತಿದ್ದಾರೆ ಅಂತ ಅಂದಾಜು.

ನಾಲ್ಕು ವರ್ಷ! ಯಾರ ತಪ್ಪೂ ಇಲ್ಲದೆ. ಅವರು ಟೆಸ್ಟ್ ಮಾಡಿಸಿಕೊಂಡಿದ್ದಾರೆ, ಡಾಕ್ಟರು ನಿಯಮದ ಪ್ರಕಾರವೇ ಓದಿದ್ದಾರೆ. ಆದರೂ ಕಣ್ಣು ಹೋಗುತ್ತಿದೆ. ನನಗೆ ಇದು ಬಹಳ ಸಂಕಟದ ವಿಷಯ.

ಮಲೇರಿಯಾ ಬಿಟ್ಟುಹೋದ ಗುರುತು

ಇಂಥ ದೋಷ ಜನರಲ್ಲಿ ಇಷ್ಟೊಂದು ಉಳಿದದ್ದು ಹೇಗೆ? ಉತ್ತರ ಮಲೇರಿಯಾ. 1949ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಒಂದು ಊಹೆ ಮುಂದಿಟ್ಟರು. ಥಲಸ್ಸೀಮಿಯಾದಂಥ ರಕ್ತದ ದೋಷಗಳು ಮಲೇರಿಯಾ ಇರುವ ಕಡೆ ಜಾಸ್ತಿ, ಏಕೆಂದರೆ ದೋಷದ ಜೀನ್‌ನ ಒಂದು ಪ್ರತಿ ಮಾತ್ರ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಅಂತ. 1954ರಲ್ಲಿ ಆಂಟನಿ ಆಲಿಸನ್ ಸಿಕಲ್ ಸೆಲ್, ಅಂದರೆ ಕೆಂಪು ಕಣ ಕುಡುಗೋಲಿನಂತೆ ಬಾಗುವ ಹುಟ್ಟಿನ ದೋಷದ ವಿಷಯದಲ್ಲಿ ಇದನ್ನು ಆಫ್ರಿಕಾದಲ್ಲಿ ತೋರಿಸಿಕೊಟ್ಟರು. ಹಾಲ್ಡೇನ್ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರು ಕೊನೆಯ ದಿನ ಕಳೆದ ಆ ರಾಜ್ಯದ ಹೆಸರೇ ಒಂದು ಜಿ6ಪಿಡಿ ರೂಪಕ್ಕೂ ಇದೆ. ‘ಜಿ6ಪಿಡಿ ಒರಿಸ್ಸಾ’ ಅಂತ. ಅಲ್ಲಿನ ಆದಿವಾಸಿಗಳಲ್ಲಿ ಅದನ್ನು ಗುರುತಿಸಿದರು. ನಮ್ಮ ದೇಶದಲ್ಲಿ ಕಾಣುವ ಇನ್ನೆರಡು ಮುಖ್ಯ ರೂಪಗಳು ‘ಮೆಡಿಟರೇನಿಯನ್’ ಮತ್ತು ‘ಕೇರಳ-ಕಲ್ಯಾಣ್’. ಭಾರತದಲ್ಲಿ ಈ ಕೊರತೆ ಒಂದೊಂದು ಸಮುದಾಯದಲ್ಲಿ ಒಂದೊಂದು ಪ್ರಮಾಣ. ಕೆಲವು ಕಡೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಕೆಲವು ಕಡೆ ತುಂಬಾ ಜಾಸ್ತಿ.

ಮಂಗಳೂರು ಕಡೆಯವರಿಗೆ ಮಲೇರಿಯಾ ಹೊಸದಲ್ಲ. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಬಂದರೆ ಅದು ಮತ್ತೆ ಮರುಕಳಿಸದಿರಲಿ ಅಂತ 14 ದಿನ ಪ್ರೈಮಾಕ್ವಿನ್ ಮಾತ್ರೆ ಕೊಡುತ್ತಾರೆ. ಜಿ6ಪಿಡಿ ಕೊರತೆ ಇದ್ದವರಿಗೆ ಈ ಮಾತ್ರೆಯಿಂದ ರಕ್ತಕಣ ಒಡೆದು ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಬಹುದು, ಕಣ್ಣು ಹಳದಿಯಾಗಬಹುದು. ನಿಮಗೋ, ನಿಮ್ಮ ಅಣ್ಣತಮ್ಮಂದಿರಿಗೋ, ತಾಯಿಯ ಕಡೆಯ ಸೋದರಮಾವನಿಗೋ ಹೀಗೆ ಆಗಿದ್ದರೆ, ಅಥವಾ ಯಾವತ್ತಾದರೂ ‘ಜಿ6ಪಿಡಿ ಕಮ್ಮಿ ಇದೆ’ ಅಂತ ಚೀಟಿಯಲ್ಲಿ ಬರೆದಿದ್ದರೆ, ಆ ಮಾತನ್ನು ಶುಗರ್ ಡಾಕ್ಟರಿಗೂ ಹೇಳಿ. ಮಲೇರಿಯಾದ ಚೀಟಿ ಬೇರೆ ಫೈಲಿನಲ್ಲಿ ಇರುತ್ತದೆ, ಶುಗರ್ ಫೈಲು ಬೇರೆ. ಎರಡನ್ನೂ ಒಟ್ಟಿಗೆ ನೋಡುವವರು ಯಾರೂ ಇರುವುದಿಲ್ಲ. ನೀವೇ ಜೋಡಿಸಬೇಕು.

ಯಂತ್ರದೊಳಗೆ ಏನಾಗುತ್ತದೆ

ಇಲ್ಲಿಯವರೆಗೆ ಹೇಳಿದ್ದು ಕಣದ ಆಯಸ್ಸಿನ ಮಾತು. ಇನ್ನೊಂದು ದಾರಿ ಇದೆ. ಹಿಮೋಗ್ಲೋಬಿನ್ನೇ ಬೇರೆ ಥರ ಇದ್ದರೆ ಯಂತ್ರ ಗೊಂದಲಕ್ಕೆ ಬೀಳುತ್ತದೆ.

ದೊಡ್ಡ ಲ್ಯಾಬ್‌ಗಳಲ್ಲಿ ಎಚ್‌ಬಿಎ1ಸಿಗೆ ಎಚ್‌ಪಿಎಲ್‌ಸಿ ಅನ್ನುವ ಯಂತ್ರ ಬಳಸುತ್ತಾರೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಅದು ತೆಳು ಕೊಳವೆಯೊಳಗೆ ಹಾಯಿಸುತ್ತದೆ. ಹಿಮೋಗ್ಲೋಬಿನ್‌ನ ಒಂದೊಂದು ಬಗೆಯೂ ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ. ಕಾಗದದ ಮೇಲೆ ಸಾಲಾಗಿ ಗುಡ್ಡಗಳಂತೆ ಗೆರೆ ಬೀಳುತ್ತದೆ. ಮೊದಲು ಒಂದೆರಡು ಚಿಕ್ಕ ಗುಡ್ಡ. ಆಮೇಲೆ ಎ1ಸಿಯ ಗುಡ್ಡ. ಕೊನೆಗೆ ಎತ್ತರವಾಗಿ ಮಾಮೂಲಿ ಹಿಮೋಗ್ಲೋಬಿನ್ ಎ. ಎ1ಸಿ ಗುಡ್ಡದ ಪಾಲು ಎಷ್ಟು ಅನ್ನೋದೇ ನಿಮ್ಮ ರಿಪೋರ್ಟಿನ ಸಂಖ್ಯೆ.

ಸಿಕಲ್ ಸೆಲ್ ಜೀನ್‌ನ ಒಂದು ಪ್ರತಿ ಇದ್ದವರ ಕಾಗದದಲ್ಲಿ, ಆ ಎತ್ತರದ ಗುಡ್ಡದ ಆಚೆ ಇನ್ನೊಂದು ದೊಡ್ಡ ಗುಡ್ಡ ಎದ್ದು ನಿಲ್ಲುತ್ತದೆ. ನೋಡಿದ ತಕ್ಷಣ ಗೊತ್ತಾಗುತ್ತದೆ. ಪಂಜಾಬ್ ಕಡೆಯ ಹಿಮೋಗ್ಲೋಬಿನ್ ಡಿ, ಅಸ್ಸಾಂ ಮತ್ತು ಬಂಗಾಳದ ಹಿಮೋಗ್ಲೋಬಿನ್ ಇ ಕೂಡ ಹೀಗೇ ತಮ್ಮ ಗುರುತು ಬಿಡುತ್ತವೆ. ಎಷ್ಟೋ ಜನಕ್ಕೆ ತಮ್ಮ ರಕ್ತದಲ್ಲಿ ಇಂಥದ್ದೊಂದು ಇದೆ ಅಂತ ಮೊದಲು ಗೊತ್ತಾಗುವುದೇ ಶುಗರ್ ಟೆಸ್ಟ್ ಮಾಡಿಸಿದಾಗ. ಆದರೆ ಗೊತ್ತಾಗಬೇಕಾದರೆ ಯಾರಾದರೂ ಆ ಗೆರೆಯನ್ನು ಕಣ್ಣಿಟ್ಟು ನೋಡಬೇಕು. ಸಂಖ್ಯೆ ಮಾತ್ರ ಟೈಪ್ ಮಾಡಿ ಕಳಿಸಿದರೆ ಆ ಮಾಹಿತಿ ಲ್ಯಾಬಿನಲ್ಲೇ ಸತ್ತುಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಗೆರೆಯಲ್ಲಿ ಬೇರೆ ಹಿಮೋಗ್ಲೋಬಿನ್ ಕಂಡರೆ ಅದನ್ನು ರಿಪೋರ್ಟಿನಲ್ಲೇ ಬರೆಯುವುದು ಲ್ಯಾಬಿನ ಕರ್ತವ್ಯ. ‘ಈ ಸಂಖ್ಯೆಯನ್ನು ಎಚ್ಚರಿಕೆಯಿಂದ ಓದಿ’ ಅಂತ ಒಂದು ಸಾಲು ಸೇರಿಸಿದರೂ ಸಾಕು.

ಎಲ್ಲ ಯಂತ್ರವೂ ಒಂದೇ ಥರ ತಪ್ಪುವುದಿಲ್ಲ. ಒಂದು ವಿಧಾನದಲ್ಲಿ ಏರಿ ಕಾಣುವುದು ಇನ್ನೊಂದರಲ್ಲಿ ಇಳಿದು ಕಾಣಬಹುದು. ಈಗಿನ ಹಲವು ಯಂತ್ರಗಳು ಒಂದು ಪ್ರತಿ ಇದ್ದವರಲ್ಲಿ ಸರಿಯಾಗಿಯೇ ಅಳೆಯುತ್ತವೆ. ಆದರೂ ಯಂತ್ರ ಸರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. 2017ರಲ್ಲಿ ಅಮೆರಿಕದ ಕಪ್ಪು ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಸಿಕಲ್ ಸೆಲ್‌ನ ಒಂದು ಪ್ರತಿ ಇದ್ದವರ ಎಚ್‌ಬಿಎ1ಸಿ 5.72 ಇದ್ದರೆ, ಅಷ್ಟೇ ಸಕ್ಕರೆ ಇದ್ದ ಉಳಿದವರದ್ದು 6.01 ಇತ್ತು. ಸುಮಾರು 0.3 ಅಂಶ ಕಮ್ಮಿ. ಎರಡೂ ಪ್ರತಿ ಇರುವ, ಅಂದರೆ ಕಾಯಿಲೆಯೇ ಇರುವವರಲ್ಲಿ ಮಾಮೂಲಿ ಹಿಮೋಗ್ಲೋಬಿನ್ ಎ ಇರುವುದೇ ಇಲ್ಲ. ಅವರಿಗೆ ಎಚ್‌ಬಿಎ1ಸಿ ಮಾಡಿ ಪ್ರಯೋಜನವೇ ಇಲ್ಲ.

ಸಿಕಲ್ ಸೆಲ್ ನಮಗೆ ದೂರದ ವಿಷಯ ಅಂದುಕೊಳ್ಳಬೇಡಿ. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಇಲ್ಲೇ ಪಕ್ಕದ ನೀಲಗಿರಿ ಬೆಟ್ಟದಲ್ಲಿ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲಿ, ಸೋಲಿಗರು, ಜೇನುಕುರುಬರಲ್ಲಿ ಅದು ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು. 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ. ಪರೀಕ್ಷೆ ಆದವರಿಗೆ ಕಾರ್ಡ್ ಕೊಡುತ್ತಾರೆ. ಹಾಡಿಗಳಲ್ಲಿ ಕೆಲಸ ಮಾಡುವ ಆಶಾ ಕಾರ್ಯಕರ್ತೆಯರು ಯಾರಾದರೂ ಇಲ್ಲಿದ್ದರೆ ಒಂದು ವಿನಂತಿ. ಶುಗರ್ ತಪಾಸಣೆಗೆ ಕಳಿಸುವಾಗ ಆ ಕಾರ್ಡನ್ನೂ ಕೈಯಲ್ಲಿ ಕೊಟ್ಟು ಕಳಿಸಿ. ಸಿಕಲ್ ಸೆಲ್ ಕಾರ್ಡ್ ಮದುವೆ ಮಾತುಕತೆಗೆ ಮಾತ್ರ ಅಲ್ಲ, ಶುಗರ್ ಡಾಕ್ಟರಿಗೂ ಅದು ಬೇಕು.

ಬೀಟಾ ಥಲಸ್ಸೀಮಿಯಾ ಮೈನರ್, ಅಂದರೆ ಥಲಸ್ಸೀಮಿಯಾ ಜೀನ್‌ನ ಒಂದೇ ಪ್ರತಿ ಇರುವ ಸ್ಥಿತಿ, ನಮ್ಮ ದೇಶದಲ್ಲಿ 3ರಿಂದ 4 ಶೇಕಡಾ ಜನರಲ್ಲಿ ಇದೆ. ಸಿಂಧಿ, ಪಂಜಾಬಿ, ಗುಜರಾತಿನ ಕೆಲವು ಸಮುದಾಯಗಳಲ್ಲಿ ಇನ್ನೂ ಜಾಸ್ತಿ. ಇವರಲ್ಲಿ ಎಚ್‌ಬಿಎ1ಸಿ ಯಾವ ಕಡೆ ವಾಲುತ್ತದೆ ಅನ್ನೋದು ವ್ಯಕ್ತಿಯ ಮೇಲೂ ವಿಧಾನದ ಮೇಲೂ ನಿಂತಿದೆ. ಪೀಜೋ1 ಅಂತ ಇನ್ನೊಂದು ಜೀನ್ ಈಚೆಗೆ ಸುದ್ದಿಯಲ್ಲಿದೆ. ಬ್ರಿಟನ್ನಿನಲ್ಲಿರುವ ಬಾಂಗ್ಲಾದೇಶ, ಪಾಕಿಸ್ತಾನ ಮೂಲದವರ ಅಧ್ಯಯನದಲ್ಲಿ ಇದರ ಒಂದು ರೂಪ ಎಚ್‌ಬಿಎ1ಸಿಯನ್ನು ಇಳಿಸುತ್ತದೆ, ಸಕ್ಕರೆಯನ್ನು ಇಳಿಸುವುದಿಲ್ಲ ಅಂತ ಕಂಡಿತು. ನಮ್ಮ ಉಪಖಂಡದವರಲ್ಲಿ ಆ ರೂಪ ಅಪರೂಪವೇನಲ್ಲ. ಯುರೋಪಿನವರ ರಕ್ತವನ್ನು ಮಾತ್ರ ಅಧ್ಯಯನ ಮಾಡಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ನಮ್ಮ ಜನರ ರಕ್ತವನ್ನು ನಾವೇ ಅಧ್ಯಯನ ಮಾಡಬೇಕು ಅಂತ ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ.

ಎದುರು ದಿಕ್ಕಿನ ತಪ್ಪು

ಜೀನ್ ಅಲ್ಲದಿದ್ದರೂ ಒಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕಬ್ಬಿಣದ ಅಂಶ ಕಮ್ಮಿಯಾಗಿ ಬರುವ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ 57 ಶೇಕಡಾ, ಕರ್ನಾಟಕದಲ್ಲಿ ಸುಮಾರು 48 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಮುಟ್ಟಿನ ಸ್ರಾವ ಜಾಸ್ತಿ ಇರುವ, ಹಿಮೋಗ್ಲೋಬಿನ್ 9 ಇರುವ ಹೆಣ್ಣುಮಗಳಿಗೆ ಎಚ್‌ಬಿಎ1ಸಿ 6.0 ಬಂತು ಅಂತ ಹೆದರಿಸಿ, ಅನ್ನ ಬಿಡಿಸಿ ಕೂರಿಸುವ ಮೊದಲು ಆಕೆಗೆ ಕಬ್ಬಿಣದ ಮಾತ್ರೆ ಬೇಕಾ ನೋಡಿ. ಖಾಲಿ ಹೊಟ್ಟೆಯ ಸಕ್ಕರೆ ನೋಡಿ. ಎಚ್‌ಬಿಎ1ಸಿ ಜೊತೆಗೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳುವುದು ಅಭ್ಯಾಸ ಆಗಬೇಕು.

ಹಾಗಾದರೆ ಬಣ್ಣ, ಜಾತಿ ನೋಡಿ ಲೆಕ್ಕ ತಿದ್ದಬಹುದಾ?

ಬೇಡ. ಇದು ಗಟ್ಟಿಯಾಗಿ ಹೇಳಬೇಕಾದ ಮಾತು. 2017ರಲ್ಲೇ ಅಮೆರಿಕದಲ್ಲಿ ಇನ್ನೊಂದು ಅಧ್ಯಯನ ಬಂದಿತ್ತು. ಟೈಪ್ 1 ಕಾಯಿಲೆ ಇರುವ 208 ಜನರಿಗೆ ದಿನವಿಡೀ ಸಕ್ಕರೆ ಅಳೆಯುವ ಸೆನ್ಸರ್ ಹಾಕಿ ನೋಡಿದರು. ಸರಾಸರಿ ಸಕ್ಕರೆ ಒಂದೇ ಇದ್ದಾಗ ಕಪ್ಪು ಜನರ ಎಚ್‌ಬಿಎ1ಸಿ ಬಿಳಿಯರಿಗಿಂತ 0.4 ಅಂಶ ಜಾಸ್ತಿ ಇತ್ತು. ಜಾಸ್ತಿ! ಅದೇ ಸಮುದಾಯದಲ್ಲಿ ಜಿ6ಪಿಡಿ ಕೊರತೆ ಇರುವ ಗಂಡಸಿಗೆ 0.8 ಕಮ್ಮಿ. ಹಾಗಾದರೆ ಎದುರಿಗೆ ಕೂತ ಒಬ್ಬ ಕಪ್ಪು ಮನುಷ್ಯನ ನಂಬರಿಗೆ ಕೂಡಿಸುತ್ತೀರಾ, ಕಳೆಯುತ್ತೀರಾ? ಅವನ ಬಣ್ಣ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಅವನ ರಕ್ತವನ್ನೇ ನೋಡಬೇಕು. ನಮ್ಮಲ್ಲೂ ಅಷ್ಟೇ. ಯಾವ ಜಾತಿ, ಯಾವ ಊರು ಅನ್ನೋದು ‘ಇದನ್ನೂ ಒಂದು ಸಲ ನೋಡೋಣ’ ಅಂತ ನೆನಪಿಸಬಹುದು. ಉತ್ತರ ಕೊಡುವುದಿಲ್ಲ.

ನೀವು ಮಾಡಬಹುದಾದದ್ದು

ಎಚ್‌ಬಿಎ1ಸಿ ಮತ್ತು ಸಕ್ಕರೆ, ಇವೆರಡು ಒಂದಕ್ಕೊಂದು ತಾಳೆ ಆಗುತ್ತವಾ ನೋಡಿ. ಸುಲಭದ ಲೆಕ್ಕ ಇದೆ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ, 46.7 ಕಳೆಯಿರಿ. ಬರುವುದು ಅಂದಾಜು ಸರಾಸರಿ ಸಕ್ಕರೆ. 6.2ಕ್ಕೆ ಸುಮಾರು 131. 7ಕ್ಕೆ 154. 8ಕ್ಕೆ 183. ಕೆಲವು ರಿಪೋರ್ಟುಗಳಲ್ಲಿ ಇದನ್ನು ಕೆಳಗೇ ಬರೆದಿರುತ್ತಾರೆ. ಈಗ ನಿಮ್ಮ ಎಚ್‌ಬಿಎ1ಸಿ 6.2 ಅಂತ ಇದೆ, ಆದರೆ ಮನೆಯಲ್ಲಿ ನೋಡಿದಾಗಲೆಲ್ಲ ಬೆಳಿಗ್ಗೆ 150, ಊಟ ಆದ ಮೇಲೆ 220 ಅಂತ ಬರುತ್ತಿದೆ ಅಂದುಕೊಳ್ಳಿ. ಸರಾಸರಿ 131 ಆಗಲಿಕ್ಕೆ ಹೇಗೆ ಸಾಧ್ಯ? ಎರಡರಲ್ಲಿ ಒಂದು ತಪ್ಪಿದೆ. ‘ಸದ್ಯ, ಮೂರು ತಿಂಗಳದ್ದು ಚೆನ್ನಾಗಿದೆ’ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಯಾಕೆ ಹೀಗೆ ಅಂತ ಡಾಕ್ಟರನ್ನು ಕೇಳಿ.

ತಪ್ಪು ಗ್ಲುಕೋಮೀಟರಿನದ್ದೂ ಇರಬಹುದು. ರಕ್ತಹೀನತೆ ಇದ್ದರೆ ಅದು ಸಕ್ಕರೆಯನ್ನು ಜಾಸ್ತಿ ತೋರಿಸುತ್ತದೆ. ಹಾಗಾಗಿ ತೀರ್ಮಾನಕ್ಕೆ ಲ್ಯಾಬಿನಲ್ಲೇ ರಕ್ತ ಕೊಡಿ. ಸಕ್ಕರೆಗೆ ತೆಗೆಯುವ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿನಲ್ಲಿ ಹಾಕಬೇಕು. ಅದರಲ್ಲಿ ಫ್ಲೋರೈಡ್ ಇರುತ್ತದೆ. ಇಲ್ಲದಿದ್ದರೆ ಟ್ಯೂಬಿನೊಳಗಿನ ರಕ್ತಕಣಗಳೇ ಗಂಟೆಗೆ 5ರಿಂದ 7 ಶೇಕಡಾ ಸಕ್ಕರೆಯನ್ನು ತಿಂದುಬಿಡುತ್ತವೆ. ಖಾಲಿ ಹೊಟ್ಟೆಯಲ್ಲಿ 126, ಅಥವಾ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 200 ಮುಟ್ಟಿದರೆ ಸಕ್ಕರೆ ಕಾಯಿಲೆ. ತೊಂದರೆ ಏನೂ ಕಾಣದವರಲ್ಲಿ ಇನ್ನೊಂದು ಸಲ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ಜಿ6ಪಿಡಿ ಕೊರತೆ ಅಥವಾ ಸಿಕಲ್ ಸೆಲ್ ಕಾಯಿಲೆ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಈಚೆಗೆ ರಕ್ತ ಹಾಕಿಸಿಕೊಂಡವರು, ಮೊದಲ ಮೂರು ತಿಂಗಳು ದಾಟಿದ ಗರ್ಭಿಣಿಯರು, ಇವರೆಲ್ಲರಿಗೂ ರಕ್ತದ ಸಕ್ಕರೆಯಿಂದಲೇ ತೀರ್ಮಾನ ಮಾಡಬೇಕು ಅಂತ ಅಮೆರಿಕದ ಡಯಾಬಿಟಿಸ್ ಸಂಘದ ನಿಯಮವೇ ಇದೆ. ಹತೋಟಿ ನೋಡಲಿಕ್ಕೆ ಫ್ರಕ್ಟೋಸಮೈನ್ ಅನ್ನುವ ಇನ್ನೊಂದು ಟೆಸ್ಟ್ ಇದೆ. ಅದು ಎರಡು ಮೂರು ವಾರದ ಲೆಕ್ಕ ಹೇಳುತ್ತದೆ. ಕೆಂಪು ಕಣದ ಗೊಡವೆ ಅದಕ್ಕಿಲ್ಲ.

ಸಭಿಕರ ಪ್ರಶ್ನೆಗಳು

*ಡಾಕ್ಟ್ರೇ, ಹಾಗಾದ್ರೆ ನಾವೆಲ್ಲ ಜೀನ್ ಟೆಸ್ಟ್ ಮಾಡಿಸ್ಬೇಕಾ?*

ಬೇಕಾಗಿಲ್ಲಮ್ಮ. ನಿಮ್ಮ ಎಚ್‌ಬಿಎ1ಸಿ ಮತ್ತು ಸಕ್ಕರೆ ಎರಡೂ ಹೊಂದಿಕೊಂಡು ಹೋಗುತ್ತಿದ್ದರೆ ಸುಮ್ನೆ ಖರ್ಚು ಮಾಡಬೇಡಿ. ಹೊಂದದಿದ್ದರೆ ಮೊದಲು ರಕ್ತದ ಪೂರ್ತಿ ಲೆಕ್ಕ, ಅಂದರೆ ಸಿಬಿಸಿ. ಆಮೇಲೆ ಡಾಕ್ಟರು ಹೇಳಿದರೆ ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ, ಜಿ6ಪಿಡಿ ಕಿಣ್ವದ ಪರೀಕ್ಷೆ. ಇವು ಮಾಮೂಲಿ ಲ್ಯಾಬ್ ಟೆಸ್ಟುಗಳೇ. ಜೀನ್ ಓದಿಸುವ ಮಟ್ಟಕ್ಕೆ ಹೋಗಬೇಕಾಗಿ ಬರುವುದು ಅಪರೂಪ.

*ನನಗೆ ಥಲಸ್ಸೀಮಿಯಾ ಮೈನರ್ ಇದೆ ಅಂತ ಹೆರಿಗೆ ಟೈಮಲ್ಲಿ ಹೇಳಿದ್ರು. ಹದಿನೈದು ವರ್ಷ ಆಯ್ತು. ಈಗ ಶುಗರ್ ಡಾಕ್ಟ್ರಿಗೆ ಅದನ್ನ ಹೇಳ್ಬೇಕಾ?*

ಖಂಡಿತ ಹೇಳಿ. ಅದು ಹುಟ್ಟಿನಿಂದ ಬಂದದ್ದು, ಹೋಗುವುದಿಲ್ಲ. ಆ ಹಳೇ ರಿಪೋರ್ಟಿನ ಒಂದು ಜೆರಾಕ್ಸ್ ಶುಗರ್ ಫೈಲಿನ ಮೊದಲ ಪುಟಕ್ಕೇ ಪಿನ್ ಮಾಡಿ. ಪ್ರತಿ ಸಲ ಬಾಯಲ್ಲಿ ಹೇಳುವುದು ಮರೆತುಹೋಗುತ್ತದೆ. ಮತ್ತೆ ಟೆಸ್ಟ್ ಮಾಡಿಸುವಾಗ ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಯಂತ್ರ ಬದಲಾದರೆ ನಂಬರ್ ಬದಲಾಗಬಹುದು. ಆಗ ನಿಮ್ಮ ಸಕ್ಕರೆ ಏರಿತೋ ಇಳಿಯಿತೋ ಅಂತ ಯಾರಿಗೂ ಗೊತ್ತಾಗುವುದಿಲ್ಲ.

*ನಮ್ಮ ಮಾವನಿಗೆ ಎಚ್‌ಬಿಎ1ಸಿ 5.9 ಇದೆ. ಆದ್ರೆ ಕಣ್ಣಿನ ಡಾಕ್ಟ್ರು ರೆಟಿನಾ ನೋಡಿ, ನಿಮಗೆ ಶುಗರ್ ಇರೋ ಹಾಗಿದೆ ಅಂದ್ರು. ಯಾರನ್ನ ನಂಬೋದು?*

ಕಣ್ಣಿನ ಡಾಕ್ಟರ ಮಾತನ್ನು ತಳ್ಳಿಹಾಕಬೇಡಿ. ಕೆಂಪು ಕಣ ಬೇಗ ಸತ್ತರೆ ಎಚ್‌ಬಿಎ1ಸಿ ಇಳಿಯುತ್ತದೆ. ರೆಟಿನಾದ ರಕ್ತನಾಳಕ್ಕೆ ಆ ರಿಯಾಯಿತಿ ಸಿಗುವುದಿಲ್ಲ. ರಕ್ತದಲ್ಲಿ ಎಷ್ಟು ಸಕ್ಕರೆ ಇದೆಯೋ ಅಷ್ಟಕ್ಕೂ ಅದು ಮೈಯೊಡ್ಡಲೇಬೇಕು. ಬಿಪಿಯಿಂದಲೂ ರೆಟಿನಾ ಹಾಳಾಗಬಹುದು, ಅದನ್ನೂ ನೋಡಿಸಿ. ಆದರೆ ಮೊದಲು ಅವರನ್ನು ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಕರೆದುಕೊಂಡು ಹೋಗಿ. ರಕ್ತ ಕೊಟ್ಟ ಮೇಲೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಮತ್ತೆ ತೆಗೆಸಿ. ಅದೇ ದಿನ ಸಿಬಿಸಿ ಮತ್ತು ಜಿ6ಪಿಡಿಗೂ ಕೊಡಿ. ಈಚೆಗೆ ಅವರಿಗೆ ಜ್ವರ, ಕಾಮಾಲೆ ಏನಾದರೂ ಆಗಿದ್ದರೆ ಜಿ6ಪಿಡಿ ಪರೀಕ್ಷೆಯನ್ನು ಒಂದೆರಡು ತಿಂಗಳು ಮುಂದೆ ಹಾಕಿ. ಕಣಗಳು ಒಡೆದ ಹೊಸದರಲ್ಲಿ ರಕ್ತದ ತುಂಬ ಎಳೇ ಕಣಗಳೇ ಇರುತ್ತವೆ, ಅವುಗಳಲ್ಲಿ ಈ ಕಿಣ್ವ ಜಾಸ್ತಿ. ಕೊರತೆ ಇದ್ದರೂ ಸರಿ ಇದೆ ಅಂತ ಬಂದುಬಿಡುತ್ತದೆ. ಸಕ್ಕರೆಯ ಟೆಸ್ಟ್ ಮಾತ್ರ ಈ ವಾರವೇ ಮಾಡಿಸಿ.